ಒಂದು ಒತ್ತಕ್ಷರ

ಇಂದು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಕಲಿಕಾ ಹಬ್ಬ. ಗಟ್ಟಿ ಓದು, ಕೈಬರಹ, ಕಥೆ ಹೇಳುವುದು, ರಸಪ್ರಶ್ನೆ, ಸಂತೋಷದಾಯಕ ಗಣಿತ... ಬಾಗಿಲಿಗೆ ಮಾವಿನ ತೋರಣ ಬೇರೆ.

ನಾನು ಗಟ್ಟಿ ಓದಿನ ಕೋಣೆಯಲ್ಲೇ ಉಳಿದುಬಿಟ್ಟೆ.

ಮೂರನೇ ತರಗತಿಯ ಹುಡುಗಿ. ಮನೆಮಾತು ಕೊಂಕಣಿ, ಕನ್ನಡ ಅವಳಿಗೆ ಶಾಲೆಯ ಹೊಸಿಲು ದಾಟಿದ ಮೇಲೆ ದಕ್ಕಿದ ಭಾಷೆ. ಸಾಲಿನ ಕೆಳಗೆ ತೋರುಬೆರಳಿಟ್ಟು ಓದುತ್ತಿದ್ದಳು. ‘ವಿಜ್ಞಾನ’ ಬಂದಾಗ ಬೆರಳು ನಿಂತಿತು. ‘ಜ’ದ ಕೆಳಗಿನ ಒತ್ತನ್ನು ಬೆರಳಿನಿಂದಲೇ ಒಮ್ಮೆ ತಿದ್ದಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಅಕ್ಕೋರು ಹೇಳಿಕೊಡಲಿಲ್ಲ, ಕಾದರು. ಹಾಗೆ ಕಾಯುವ ತಾಳ್ಮೆಗೆ ನನ್ನ ನಮಸ್ಕಾರ.

ಆಮೇಲೆ ಇಡೀ ಪದ ಒಂದೇ ಉಸಿರಿಗೆ ಬಂತು. ಮುಂದಿನ ಸಾಲುಗಳು ಓಡಿದವು.

ಮೇ ತಿಂಗಳು ಬಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶಿರಸಿ ಮುಂದೋ ಕಾರವಾರ ಮುಂದೋ ಎಂದು ನಾವೆಲ್ಲ ಪತ್ರಿಕೆ ಹಿಡಿದು ಕೂರುತ್ತೇವೆ. ಒಂದೇ ಜಿಲ್ಲೆಯ ಎರಡು ಶೈಕ್ಷಣಿಕ ಜಿಲ್ಲೆಗಳು, ಕುತೂಹಲ ಇದ್ದೇ ಇರುತ್ತದೆ. ಆ ಶೇಕಡಾವಾರು ಲೆಕ್ಕದ ಬೇರು ಇಲ್ಲಿದೆ, ಈ ಬೆರಳ ತುದಿಯಲ್ಲಿ ಎಂದು ಅನ್ನಿಸಿತು.

ಕಿಟಕಿಯ ಹೊರಗೆ ಅವಳ ಆಯಿ ನಿಂತಿದ್ದರು. ಬಂಗಡೆಯ ಬುಟ್ಟಿಯನ್ನು ಹಲಸಿನ ಮರದ ಬುಡದಲ್ಲಿಟ್ಟು, ವ್ಯಾಪಾರ ಮುಗಿಯುವ ಮೊದಲೇ ಬಂದವರು.

“ಎಲ್ಲಿಯೂ ತಪ್ಪಲಿಲ್ಲವಲ್ಲ?” ಎಂದು ಮೆಲ್ಲನೆ ಕೇಳಿದರು.

“ಇಲ್ಲ ಅಕ್ಕ, ಒಂದೂ ಇಲ್ಲ.”

ಸೆರಗಿಗೆ ಎರಡೂ ಕೈ ಒರೆಸಿಕೊಂಡರು. ಒಳಗೆ ಹೋಗಿ ಮಗಳ ಕೈಯಲ್ಲಿದ್ದ ಪುಸ್ತಕವನ್ನು ಮೊದಲು ಮುಟ್ಟಿದರು, ಆಮೇಲೆ ಮಗಳನ್ನು.