ಹಾವಿನ ಹೊಟ್ಟೆಯ ಕ್ಯಾಮರಾದೊಂದಿಗೆ ಟೋಕಿಯೊದಲ್ಲಿ ಐದು ದಿನ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ, ಸುಟ್ಟ ಮಿಕ್ಸಿ ಮೋಟರುಗಳ ಮತ್ತು ಬೀಗವಿಲ್ಲದ ಕೀಲಿಕೈಗಳ ರಾಶಿಯ ನಡುವೆ ಬಿದ್ದಿದ್ದ ಕಪ್ಪು ಡಬ್ಬಿಯೊಂದನ್ನು ನಾನು ಎತ್ತಿಕೊಂಡಾಗ, ಅದು ಕ್ಯಾಮರಾ ಎಂಬುದು ಮಾರುತ್ತಿದ್ದವನಿಗೇ ಗೊತ್ತಿರಲಿಲ್ಲ. ಮೇಲಿನ ಗುಂಡಿಯನ್ನು ಒತ್ತಿದೊಡನೆ ಮುಚ್ಚಳ ಫಟ್ಟನೆ ತೆರೆದು, ಕುಲುಮೆಯ ತಿದಿಯಂತೆ ಮಡಿಕೆ ಮಡಿಕೆಯಾಗಿದ್ದ ಚರ್ಮವನ್ನು ಎಳೆದುಕೊಂಡು ಲೆನ್ಸು ಮುಂದೆ ಬಂದು ನಿಂತಿತು. ತಳದಲ್ಲಿ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂಬ ಅಕ್ಷರಗಳಿದ್ದವು. ಷಟರಿನ ಮುಖದ ಮೇಲೆ ‘ಎನ್.ಕೆ.ಎಸ್.’ ಎಂದಿತ್ತು. ಹೆಸರಿರಬೇಕಾಗಿದ್ದ ಜಾಗದಲ್ಲಿ, ಅಂದರೆ ಮುಚ್ಚಳದ ಚರ್ಮದ ನಡುವೆ, ಎಷ್ಟೋ ಕೈಗಳ ಬೆವರಿಗೆ ಸವೆದುಹೋದ ಒಂದು ತಗ್ಗು ಮಾತ್ರ ಉಳಿದಿತ್ತು.

ಆರು ವರ್ಷಗಳ ನಂತರ, ಕಳೆದ ಅಕ್ಟೋಬರಿನಲ್ಲಿ, ಅದನ್ನು ಮಾಡಿದವರು ಯಾರು ಎಂದು ಕೇಳಿಕೊಂಡು ಬರೋಣವೆಂದೇ ನಾನು ಟೋಕಿಯೊಗೆ ಹೊರಟೆ. ನಮ್ಮ ಚಿಕ್ಕಪ್ಪನ ಮಗಳು ಅಲ್ಲಿನ ‘ನಿಶಿ-ಕಸಾಯಿ’ ಎಂಬ ಬಡಾವಣೆಯಲ್ಲಿ ವಾಸವಾಗಿದ್ದಾಳೆ. ಭಾರತೀಯರು ಹೆಚ್ಚಾಗಿ ನೆಲೆಸಿರುವ ಆ ಬಡಾವಣೆಯಲ್ಲಿ ಹುಣಸೆಹಣ್ಣಿಗೂ ತೊಗರಿಬೇಳೆಗೂ ಕೊರತೆಯಿಲ್ಲ. ಜಪಾನಿ ಭಾಷೆಯನ್ನು ಚೆನ್ನಾಗಿ ಬಲ್ಲ ಅವಳು ಐದು ದಿನ ನನ್ನ ದುಭಾಷಿಯಾಗಲು ಒಪ್ಪಿದಳಾದರೂ, ಕ್ಯಾಮರಾವನ್ನು ನೋಡಿದೊಡನೆ, “ಅಣ್ಣ, ಇದಕ್ಕೆ ತಾಯಿತಂದೆ ಹುಡುಕೋಕೆ ಇಷ್ಟು ದೂರ ಬಂದ್ಯಾ?” ಎಂದು ಕೇಳದೆ ಬಿಡಲಿಲ್ಲ.

ಮೊದಲ ದಿನ ಹೋದದ್ದು ಹಂಜೋಮೊನ್ ನಿಲ್ದಾಣದ ಬಳಿಯ ಇಚಿಬಾಂಚೋದಲ್ಲಿರುವ ಜಪಾನ್ ಕ್ಯಾಮರಾ ಸಂಗ್ರಹಾಲಯಕ್ಕೆ. 1954ರಲ್ಲಿ ಹುಟ್ಟಿದ ಕ್ಯಾಮರಾ ತಪಾಸಣಾ ಸಂಸ್ಥೆಯೇ 1989ರಲ್ಲಿ ಇದನ್ನು ತೆರೆಯಿತು. ಹಳೆಯ ಜಪಾನಿ ಕ್ಯಾಮರಾ ಕೈಯಲ್ಲಿ ಹಿಡಿದವರಿಗೆಲ್ಲ ಆ ಸಂಸ್ಥೆಯ ಪರಿಚಯವಿರುತ್ತದೆ. ‘ಪಾಸ್ಡ್’ ಎಂದು ಬರೆದ ಚಿನ್ನದ ಬಣ್ಣದ ಮೊಟ್ಟೆಯಾಕಾರದ ಚೀಟಿಯನ್ನು ರಫ್ತಿನ ಕ್ಯಾಮರಾಗಳಿಗೆ ಅಂಟಿಸುತ್ತಿದ್ದವರು ಅವರೇ. ನನ್ನ ಕ್ಯಾಮರಾ ಆ ಚೀಟಿಯ ಕಾಲಕ್ಕಿಂತ ಹಿಂದಿನದು. ಯುದ್ಧದಲ್ಲಿ ಸೋತ ಜಪಾನಿನ ಮೇಲಿನ ಅಮೆರಿಕದ ಸೇನಾಡಳಿತ ಮುಗಿದದ್ದು 1952ರ ಏಪ್ರಿಲ್‌ನಲ್ಲಿ. ರಫ್ತು ಸರಕುಗಳ ಮೇಲೆ ‘ಆಕ್ಯುಪೈಡ್’ ಎಂಬ ಮುದ್ರೆ ಬೀಳತೊಡಗಿದ್ದು 1947ರಿಂದ. ಆ ಐದು ವರ್ಷಗಳ ಕಿಂಡಿಯಲ್ಲಿ ಎಲ್ಲೋ ಇದರ ಹುಟ್ಟು.

ಗಾಜಿನ ಕಪಾಟುಗಳಲ್ಲಿ ಇದರ ಬಂಧುಗಳೆಲ್ಲ ಸಾಲಾಗಿ ಕುಳಿತಿದ್ದರು. ಜಪಾನಿಯರು ಈ ಮಡಿಸುವ ಕ್ಯಾಮರಾವನ್ನು ‘ಸ್ಪ್ರಿಂಗ್ ಕ್ಯಾಮರಾ’ ಎನ್ನುತ್ತಾರೆ; ತಿದಿಗೆ ಅವರಿಟ್ಟ ಹೆಸರು ‘ಜಾಬಾರಾ’, ಎಂದರೆ ಹಾವಿನ ಹೊಟ್ಟೆ. ಮಡಿಕೆಗಳನ್ನು ಅಡಿಯಿಂದ ನೋಡಿದವರು ಈ ಹೆಸರನ್ನು ಒಪ್ಪಲೇಬೇಕು. ಕ್ಯಾಮರಾಗಳ ಹೆಸರಿನಲ್ಲಿ ಬರುವ ‘ಸೆಮಿ’, ‘ಸಿಕ್ಸ್’ ಎಂಬ ಪದಗಳಿಗೂ ಅಲ್ಲೇ ಅರ್ಥ ಸಿಕ್ಕಿತು. ಆರು ಸೆಂಟಿಮೀಟರ್ ಅಗಲದ 120 ಫಿಲ್ಮ್‌ನಲ್ಲಿ 6x9 ಅಳತೆಯ 8 ಚಿತ್ರಗಳು ಬರುತ್ತವೆ. ಅದರ ಅರ್ಧ ಅಳತೆಯಲ್ಲಿ 16 ಚಿತ್ರ ಕೊಡುವುದು ‘ಸೆಮಿ’, 6x6ರ ಚೌಕದಲ್ಲಿ 12 ಕೊಡುವುದು ‘ಸಿಕ್ಸ್’. 1934ರ ಸೆಮಿ ಮಿನೋಲ್ಟಾ, 1936ರ ಸೆಮಿ ಒಲಿಂಪಸ್, 1938ರ ಸೆಮಿ ಪರ್ಲ್, 1948ರ ಫ್ಯುಜಿಕಾ ಸಿಕ್ಸ್, ಇವೆಲ್ಲ ಮನೆತನ ಗೊತ್ತಿರುವ ಮಕ್ಕಳು. ಮೂಲಪುರುಷ ಮಾತ್ರ ಜರ್ಮನಿಯವನು, ಜೈಸ್ ಇಕಾನ್ ಕಂಪನಿಯ ಇಕೊಂಟಾ. 1937ರಲ್ಲಿ ಚೀನಾದೊಡನೆ ಯುದ್ಧ ಆರಂಭವಾಗಿ ವಿದೇಶಿ ಕ್ಯಾಮರಾಗಳ ಆಮದಿಗೆ ಕಡಿವಾಣ ಬಿದ್ದಾಗ, ಅದೇ ರೂಪದ ಕ್ಯಾಮರಾಗಳನ್ನು ಸ್ವದೇಶದಲ್ಲೇ ಮಾಡುವ ಕಾರ್ಖಾನೆಗಳಿಗೆ ಒಳ್ಳೆಯ ಕಾಲ ಬಂದಿತು.

ಮನೆತನ ಗೊತ್ತಿದೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಕಪಾಟಿನ ಮುಂದೆ ನಾನು ಬಹಳ ಹೊತ್ತು ನಿಂತದ್ದು ಮಾಮಿಯಾ ಸಿಕ್ಸ್ ಎದುರು. ಸೇಯಿಚಿ ಮಾಮಿಯಾ ರೂಪಿಸಿದ ಈ ಕ್ಯಾಮರಾ 1940ರಲ್ಲಿ ಬಂದಿತು. ಬೇರೆ ಕ್ಯಾಮರಾಗಳಲ್ಲಿ ಲೆನ್ಸು ಮುಂದೆ ಹಿಂದೆ ಸರಿದು ಚಿತ್ರ ಸ್ಪಷ್ಟವಾದರೆ, ಇದರಲ್ಲಿ ಲೆನ್ಸು ನಿಂತಲ್ಲೇ ನಿಂತು, ಹೆಬ್ಬೆರಳಿನಡಿಯ ಹಲ್ಲುಚಕ್ರವನ್ನು ತಿರುಗಿಸಿದಂತೆ ಒಳಗಿನ ಫಿಲ್ಮ್ ಸರಿಯುತ್ತದೆ. ಇಷ್ಟು ಸ್ವಂತಿಕೆಯುಳ್ಳ ಕ್ಯಾಮರಾದ ಯುದ್ಧಾನಂತರದ ಕೆಲವು ಮಾದರಿಗಳ ಮೂತಿಯ ಮೇಲೆ ‘ಜುಯಿಕೊ’ ಎಂಬ ಬರಹವಿದೆ. ಅದು ಒಲಿಂಪಸ್‌ನ ಲೆನ್ಸು. ಷಟರು ಇನ್ನೊಬ್ಬರದು. ಹಾಗಾದರೆ ಮಾಮಿಯಾದವರು ‘ಮಾಡಿದ್ದು’ ಏನನ್ನು ಎಂದು ಅಲ್ಲೇ ನನಗೆ ಅನುಮಾನ ಹತ್ತಿತು. ತೇರಿನ ಚಕ್ರ ಒಬ್ಬನದು, ಗಾಲಿಪಟ್ಟಿ ಇನ್ನೊಬ್ಬನದು, ಕೆತ್ತನೆ ಮತ್ತೊಬ್ಬನದು ಆದರೂ ನಾವು ಅದನ್ನು ದೇವರ ಹೆಸರಿನಿಂದ ಕರೆಯುವುದಿಲ್ಲವೇ, ಹಾಗೆ.

ಎರಡನೆಯ ದಿನ ಜಿಂಬೋಚೋದ ಹಳೆಯ ಪುಸ್ತಕದಂಗಡಿಗಳಲ್ಲಿ ಕಳೆಯಿತು. 1926ರಲ್ಲಿ ಆರಂಭವಾಗಿ 2020ರಲ್ಲಿ ನಿಂತುಹೋದ ‘ಅಸಾಹಿ ಕ್ಯಾಮೆರಾ’ ಪತ್ರಿಕೆಯ ಹಳೆಯ ಸಂಚಿಕೆಗಳು ಅಲ್ಲಿ ಕಟ್ಟುಕಟ್ಟಾಗಿ ಸಿಗುತ್ತವೆ. ನನಗೆ ಬೇಕಾದದ್ದು ಅವುಗಳ ಲೇಖನಗಳಲ್ಲ, ಜಾಹೀರಾತುಗಳು. ತಂಗಿ ಎರಡು ಪದಗಳನ್ನು ಕಲಿಸಿಕೊಟ್ಟಳು: ‘ಸೇಜೋಮೊತೊ’ ಎಂದರೆ ತಯಾರಿಸಿದವರು, ‘ಹತ್ಸುಬೈಮೊತೊ’ ಎಂದರೆ ಮಾರುಕಟ್ಟೆಗೆ ತಂದವರು. ಆ ಅಕ್ಷರಗಳ ಆಕಾರವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಸಂಜೆಯವರೆಗೆ ಧೂಳು ಕುಡಿಯುತ್ತಾ ಪುಟ ತಿರುವಿದೆ. ಚಿಕ್ಕ ಜಾಹೀರಾತುಗಳಲ್ಲಿ ಮೇಲೆ ಕ್ಯಾಮರಾದ ರೇಖಾಚಿತ್ರ, ಕೆಳಗೆ ದೊಡ್ಡಕ್ಷರದಲ್ಲಿ ಹತ್ಸುಬೈಮೊತೊದ ವಿಳಾಸ; ಸೇಜೋಮೊತೊ ಕಣ್ಣಿಗೆ ಬಿದ್ದದ್ದು ಅಪರೂಪ. ಮಾರುವವನಿಗೆ ತನ್ನ ಹೆಸರು ಮುಖ್ಯ. ಹಿಂಬಾಗಿಲಿನಿಂದ ಸರಕು ತಂದುಕೊಡುವ ಕಾರ್ಖಾನೆ ಮುಂದಿನ ವರ್ಷ ಬೇರೆಯಾಗಿರಬಹುದು, ಮುದ್ರೆ ಅದೇ ಇರುತ್ತದೆ.

ಇದಕ್ಕೆ ದಾಖಲೆಯಿರುವ ಉದಾಹರಣೆಯೂ ಉಂಟು. ಯುದ್ಧಕ್ಕೆ ಮುಂಚಿನ ‘ಫರ್ಸ್ಟ್’ ಕ್ಯಾಮರಾಗಳನ್ನು ಮಾರುತ್ತಿದ್ದವರು ಮಿನಾಗಾವಾ ಷೋತೆನ್ ಎಂಬ ವ್ಯಾಪಾರಿಗಳು. ಮಾಡುತ್ತಿದ್ದವರು ಕುರಿಬಾಯಾಶಿ ಎಂಬ ಕಾರ್ಖಾನೆಯವರು. ಯುದ್ಧದ ನಂತರ ಅದೇ ಕುರಿಬಾಯಾಶಿ ‘ಪೆಟ್ರಿ’ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಯವಾಯಿತು. ಇನ್ನು ‘ವಾಲ್ಟಾಕ್ಸ್’ ಎಂಬ ಕ್ಯಾಮರಾದ ಕಥೆ: ಒಕಾಡಾ ಕೋಗಾಕು ಸೇಕಿ ಎಂಬವರಲ್ಲಿ ಹುಟ್ಟಿ, ದಾಯಿಚಿ ಕೋಗಾಕು ಎಂಬವರ ಮನೆಗೆ ದತ್ತು ಹೋಯಿತು. ಫ್ಯುಜಿ ಕೋಗಾಕು ಎಂಬ ಹೆಸರು ಕಂಡು ಹಿಗ್ಗಬಾರದು. ಲೈರಾ ಕ್ಯಾಮರಾಗಳನ್ನು ಮಾಡಿದ ಆ ಸಂಸ್ಥೆಗೂ ಫಿಲ್ಮ್ ಮಾಡುವ ಫ್ಯುಜಿಗೂ ಸಂಬಂಧವಿಲ್ಲ. ಕೋಗಾಕು ಎಂದರೆ ದೃಗ್ವಿಜ್ಞಾನ, ಸೇಕಿ ಎಂದರೆ ಸೂಕ್ಷ್ಮಯಂತ್ರ. ನಮ್ಮಲ್ಲಿ ಬೀದಿಗೊಂದು ‘ಶ್ರೀ ಮಂಜುನಾಥ ಎಂಟರ್‌ಪ್ರೈಸಸ್’ ಇರುವಂತೆ ಅಲ್ಲಿ ಬೀದಿಗೊಂದು ಕೋಗಾಕು. 1950ರ ದಶಕದ ಆರಂಭದಲ್ಲಿ ಇಂಥ ಪುಟ್ಟ ಕ್ಯಾಮರಾ ತಯಾರಕರಿಗೆ ‘ಯೋಜೋಹಾನ್’, ಎಂದರೆ ನಾಲ್ಕೂವರೆ ಚಾಪೆಯ ಕೋಣೆಯವರು, ಎಂಬ ಅಡ್ಡಹೆಸರೇ ಬಿದ್ದಿತ್ತು. ನಾಲ್ಕೂವರೆ ತತಾಮಿ ಚಾಪೆ ಹಿಡಿಯುವ ಕೋಣೆಯಲ್ಲಿ ನಮ್ಮ ಲೆಕ್ಕಕ್ಕೆ ಒಂದು ಮಂಚ ಹಾಕಿದರೆ ತಿರುಗಾಡಲು ಸ್ವಲ್ಪ ಜಾಗ ಉಳಿದೀತು.

ಮೂರನೆಯ ದಿನ ಮಳೆ. ನಾಲ್ಕನೆಯ ದಿನ ಶಿಂಜುಕುವಿನ ಹಿಂಬದಿಯ ಓಣಿಯೊಂದರಲ್ಲಿ ಹಳೆಯ ಕ್ಯಾಮರಾಗಳ ಅಂಗಡಿಯ ಮೆಟ್ಟಿಲು ಹತ್ತಿದೆವು. ಬಾಗಿಲ ಬಳಿಯೇ ‘ಜಂಕು’ ಎಂದು ಬರೆದ ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಹತ್ತಾರು ಹಾವಿನ ಹೊಟ್ಟೆಗಳು ಒಂದರ ಮೇಲೊಂದು ಮಲಗಿದ್ದವು. ಎಪ್ಪತ್ತು ದಾಟಿರಬಹುದಾದ ರಿಪೇರಿಯವರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ನನ್ನ ಕ್ಯಾಮರಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೊದಲು ಮಾಡಿದ ಕೆಲಸ ಹಿಂಬದಿಯ ಮುಚ್ಚಳ ತೆರೆದು, ತಿದಿಯೊಳಗೆ ಸಣ್ಣ ಟಾರ್ಚ್ ಇಳಿಸಿ, ಮೇಜಿನ ದೀಪ ಆರಿಸಿದ್ದು. ಮಡಿಕೆಯ ಮೂಲೆಯಲ್ಲಿ ಸಾಸಿವೆಯ ಕಾಲುಭಾಗದಷ್ಟು ಬೆಳಕು ಮಿನುಗಿತು. ಲೆನ್ಸಿನೊಳಗೆ ಜೇಡನ ಎಳೆಯಂತೆ ಹಬ್ಬಿದ್ದ ಬೂಷ್ಟನ್ನು ತೋರಿಸಿ ಅವರು ಏನೋ ಹೇಳಿದರು. “ತುಂಬಾ ಮಳೆ ಬರೋ ಊರಲ್ಲಿತ್ತಾ ಅಂತ ಕೇಳ್ತಿದಾರೆ,” ಎಂದಳು ತಂಗಿ. ಸಂತೆಗೆ ಬರುವ ಮೊದಲು ಅದು ಮಲೆನಾಡಿನ ಯಾವುದಾದರೂ ಸ್ಟುಡಿಯೋದ ಅಟ್ಟದಲ್ಲಿ ಕುಳಿತಿತ್ತೇನೋ ಎಂದು ಆಗಲೇ ನನಗೆ ಹೊಳೆದದ್ದು.

‘ಎನ್.ಕೆ.ಎಸ್.’ ಎಂಬುದು ಕ್ಯಾಮರಾ ಮಾಡಿದವರ ಗುರುತಲ್ಲ, ನಿಪ್ಪೋನ್ ಕೋಸೊಕ್ಕಿ ಎಂಬ ಷಟರು ತಯಾರಕರದು ಎಂದು ಅವರು ವಿವರಿಸಿದರು. ಆ ಷಟರು ಬೇರೆಬೇರೆ ಹೆಸರಿನ ಕ್ಯಾಮರಾಗಳಿಗೆ ಹೋಗಿದೆಯಂತೆ. ಆಮೇಲೆ ಮೇಲ್ಮುಚ್ಚಳದ ಎರಡು ತಿರುಪು ಬಿಚ್ಚಿ, ಅದನ್ನು ಮಗುಚಿ ನನ್ನ ಮುಂದಿಟ್ಟರು. ಒಳಮೈಯಲ್ಲಿ ಸೂಜಿಯಂಥ ಮೊನೆಯಿಂದ ಗೀಚಿದ ‘83’ ಎಂಬ ಅಂಕಿ. ಹಿಂಬದಿಯ ಬಾಗಿಲಿನ ಕೀಲಿನ ಬಳಿ ಅದೇ 83. ಮುಂದಿನ ಮುಚ್ಚಳದ ಒಳಗೆ ಮತ್ತೆ 83. ಎಂಟರ ಮೇಲಿನ ಸುತ್ತು ಪೂರ್ತಿ ಕೂಡದೆ, ಮೂರು ಕಡೆಯೂ ಒಂದೇ ರೀತಿ ಬಾಯಿ ಬಿಟ್ಟುಕೊಂಡಿತ್ತು. ಬಿಡಿಭಾಗಗಳು ಒಂದಕ್ಕೊಂದು ತಾವಾಗಿಯೇ ಕೂಡುವಷ್ಟು ಕರಾರುವಾಕ್ಕಾಗಿ ಬರುತ್ತಿರಲಿಲ್ಲವಾದ್ದರಿಂದ, ಒಬ್ಬನೇ ಕೆಲಸಗಾರ ಅರ ಹಾಕಿ ಉಜ್ಜಿ ಹೊಂದಿಸಿ, ಬಣ್ಣಕ್ಕೆ ಕಳಿಸುವ ಮುನ್ನ ಅದಲುಬದಲಾಗದಿರಲೆಂದು ಅಂಕಿ ಗೀಚುತ್ತಿದ್ದನೆಂದು ಅವರು ಹೇಳಿದರು. ನಾನು ಹುಡುಕುತ್ತಿದ್ದ ಕಂಪನಿಯ ಹೆಸರಿಗಿಂತ ಈ ಬಾಯಿಬಿಟ್ಟ ಎಂಟು ನನಗೆ ಹೆಚ್ಚಿನ ಗುರುತೆನಿಸಿತು. ಬ್ರ್ಯಾಂಡ್ ಯಾವುದಿರಬಹುದೆಂದು ಕೇಳಿದಾಗ ಅವರು ಮೂರು ಬೆರಳು ಮಡಿಸಿದರು, ಆಮೇಲೆ ಮೂರನ್ನೂ ಬಿಡಿಸಿ ನಕ್ಕರು. ತಿದಿಯ ತೂತಿಗೆ ಕಪ್ಪು ಬಣ್ಣದ ಅಂಟು ಹಚ್ಚಿಕೊಟ್ಟು ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಅದೇ ಅಂಗಡಿಯ ಕಪಾಟಿನಲ್ಲಿ 2009ರಲ್ಲಿ ಮಾರುಕಟ್ಟೆಗೆ ಬಂದ ಫ್ಯುಜಿಯ ಮಡಿಸುವ ಕ್ಯಾಮರಾ ಜಿ.ಎಫ್.670 ಇತ್ತು. ಇದೇ ಕ್ಯಾಮರಾ ಜರ್ಮನ್ ಹೆಸರಿನ ‘ಫೊಯ್ಗ್‌ಟ್‌ಲೆಂಡರ್ ಬೆಸ್ಸಾ 3’ ಆಗಿಯೂ ಮಾರಾಟವಾಯಿತು. ಅರವತ್ತು ವರ್ಷ ಕಳೆದರೂ ಹಳೆಯ ಚಾಳಿ ಬಿಟ್ಟಿಲ್ಲ ಎಂದು ನಾನಂದೆ; ತಂಗಿ ಅದನ್ನು ಅನುವಾದಿಸಲು ಒಪ್ಪಲಿಲ್ಲ.

ಕೊನೆಯ ದಿನ ಶಿಂಜುಕು ಸೆಂಟ್ರಲ್ ಪಾರ್ಕಿಗೆ ಹೋದೆವು. ಪರ್ಲ್ ಕ್ಯಾಮರಾಗಳನ್ನು ಮಾಡಿದ ಕೊನಿಶಿರೊಕು ಸಂಸ್ಥೆ 1902ರಲ್ಲಿ ‘ರೊಕುಓಷಾ’ ಎಂಬ ತನ್ನ ಕಾರ್ಖಾನೆಯನ್ನು ಕಟ್ಟಿದ್ದು ಈ ಜಾಗದಲ್ಲಿ. ಛಾಯಾಚಿತ್ರೋದ್ಯಮದ ಹುಟ್ಟೂರು ಎಂದು ಸಾರುವ ಕಲ್ಲೊಂದು ಮರಗಳ ನಡುವೆ ನಿಂತಿದೆ. ಸುತ್ತ ಮಕ್ಕಳೂ ನಾಯಿಗಳೂ ಊಟದ ಡಬ್ಬಿ ತೆರೆದ ನೌಕರರೂ. ಹೆಸರುಳ್ಳವರಿಗೆ ಕಲ್ಲಾದರೂ ಉಳಿದಿದೆ. ನನ್ನ ಅನಾಮಧೇಯ ಕ್ಯಾಮರಾದಿಂದಲೇ ಅದರ ಚಿತ್ರ ತೆಗೆಯಬೇಕೆಂಬುದು ಹಠ. ಹಿಂಬದಿಯಲ್ಲಿ ಎರಡು ಕೆಂಪು ಕಿಂಡಿಗಳಿವೆ. ಫಿಲ್ಮ್‌ನ ಬೆನ್ನುಕಾಗದದ ಮೇಲಿನ 1 ಮೊದಲ ಕಿಂಡಿಯಲ್ಲಿ ಕಂಡಾಗ ಒಂದು ಚಿತ್ರ, ಅದೇ 1 ಎರಡನೆಯ ಕಿಂಡಿಗೆ ಸರಿದಾಗ ಇನ್ನೊಂದು, ಹೀಗೆ ಎಂಟು ಅಂಕಿಗಳಲ್ಲಿ ಹದಿನಾರು ಚಿತ್ರ. ಹಿಂದಿನ ಕಟ್ಟಡಗಳೂ ಬರಲಿ ಎಂದು ಹತ್ತು ಮೀಟರ್ ದೂರ ನಿಂತು, ಲೆನ್ಸಿನ ಉಂಗುರವನ್ನು 10ಕ್ಕೆ ತಿರುಗಿಸಿ, ಮರದ ನೆರಳಿದ್ದುದರಿಂದ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರವನ್ನು ಅಗಲವಾಗಿ ತೆರೆದು ಒತ್ತಿದೆ.

ಬೆಂಗಳೂರಿಗೆ ಮರಳಿ ಬಚ್ಚಲುಮನೆಯಲ್ಲಿ ಫಿಲ್ಮ್ ತೊಳೆದು ಒಣಹಾಕಿದಾಗ, ಅಂಟು ಹಚ್ಚಿದ ತೂತಿನಿಂದ ಒಂದು ಗೆರೆ ಬೆಳಕೂ ಸೋರಿರಲಿಲ್ಲ. ಆದರೆ ಕಲ್ಲು ಮಸುಕು, ಅದರ ಮೇಲಿನ ಬರಹ ಅದಕ್ಕಿಂತ ಮಸುಕು. ಕಲ್ಲಿಗಿಂತ ಬಹಳ ಈಚೆಗೆ ಬಿದ್ದಿದ್ದ ಗಿಂಕೊ ಮರದ ಎಲೆಯೊಂದರ ನರಗಳು ಮಾತ್ರ ಎಣಿಸುವಷ್ಟು ಸ್ಪಷ್ಟ. ಭೂತಗಾಜು ಹಿಡಿದು ಉಂಗುರವನ್ನು ನೋಡಿದೆ. ಅಂಕಿಗಳ ಕೊನೆಯಲ್ಲಿ, ಅರ್ಧ ಅಳಿಸಿದ ಬಿಳಿ ಬಣ್ಣದಲ್ಲಿ, ‘ಫೀಟ್’ ಎಂದಿತ್ತು. ಜಪಾನಿನ ಗಿರಾಕಿಗಾಗಿದ್ದರೆ ಅಲ್ಲಿ ಮೀಟರ್ ಇರಬಹುದಿತ್ತು. ಅಡಿಗಳಲ್ಲಿ ಎಣಿಸುವ ಯಾವನೋ ಅಮೆರಿಕನ್ ಸೈನಿಕನಿಗೆಂದು 83ನೆಯದಾಗಿ ಕೂಡಿಸಿದ ಕ್ಯಾಮರಾ ಅದು, ಹತ್ತು ಅಡಿ ಆಚೆಗಿನ ಎಲೆಯನ್ನು ಸರಿಯಾಗಿಯೇ ಹಿಡಿದಿತ್ತು.