ದಿಂಬಂ ಇಳಿಯುವ ಮುನ್ನ ಎಕ್ಸಾಸ್ಟ್ ಬ್ರೇಕ್ ಕೈಕೊಟ್ಟರೆ

ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿ ಸೀಮೆಯ ಎಲೆಕೋಸಾಗಲಿ, ಆಲೂಗಡ್ಡೆಯಾಗಲಿ, ಕಬ್ಬಾಗಲಿ, ಸತ್ಯಮಂಗಲದ ಕಡೆಗೆ ಲಾರಿಯಲ್ಲಿ ಹೋಗಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿಯಲೇಬೇಕು. ಲೋಡ್ ತುಂಬಿದ ಲಾರಿಯನ್ನು ಕಾಲಿನ ಬ್ರೇಕ್ ಒಂದನ್ನೇ ನಂಬಿ ಇಲ್ಲಿ ಇಳಿಸಿದರೆ ಚಕ್ರದ ಬ್ರೇಕ್ ಡ್ರಮ್ ಕಾದು ಹಿಗ್ಗುತ್ತದೆ, ಅದಕ್ಕೆ ಒತ್ತಿಕೊಳ್ಳುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಕೊನೆಗೆ ಪೆಡಲ್ ಎಷ್ಟು ತುಳಿದರೂ ಲಾರಿ ಮಾತು ಕೇಳುವುದಿಲ್ಲ. ಆದ್ದರಿಂದ ಹೊಗೆ ಪೈಪನ್ನು ಮುಚ್ಚಿ ಎಂಜಿನ್ನಿನಿಂದಲೇ ಲಾರಿಯ ವೇಗ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಘಾಟಿಗೆ ಮೊದಲು ಸಿಗುವ ಹಾಸನೂರಿನಲ್ಲಿಯೇ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿಕೊಳ್ಳಬೇಕೆಂದು ನಾನು ಹೊಸದಾಗಿ ಸ್ಟಿಯರಿಂಗ್ ಹಿಡಿಯುವ ಹುಡುಗರಿಗೆಲ್ಲ ಹೇಳುತ್ತೇನೆ. ಅಲ್ಲಿಂದ ಮುಂದೆ ಹುಲಿ ಸಂರಕ್ಷಿತ ಕಾಡಿನ ನಡುವೆ ಲಾರಿ ನಿಲ್ಲಿಸಿ ಕೆಳಗಿಳಿಯುವಂತಿಲ್ಲ. ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಕಬ್ಬಿನ ಲಾರಿಗಳಿಗಾಗಿ ಆನೆಗಳು ಕಾಯುವುದು ಈ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ.

ಈ ಬ್ರೇಕಿನ ರಚನೆ ಸರಳವಾದದ್ದು. ಹೊಗೆ ಹೊರಹೋಗುವ ಪೈಪಿನೊಳಗೆ ದುಂಡನೆಯ ತಗಡಿನಂಥ ಒಂದು ಬಟರ್‌ಫ್ಲೈ ವಾಲ್ವ್ ಇರುತ್ತದೆ. ಸ್ವಿಚ್ ಹಾಕಿದಾಗ 24 ವೋಲ್ಟ್ ಕರೆಂಟು ಸೊಲೆನಾಯ್ಡ್ ವಾಲ್ವನ್ನು ತೆರೆಯುತ್ತದೆ, ಟ್ಯಾಂಕಿನ ಗಾಳಿ ಚಿಕ್ಕ ಸಿಲಿಂಡರಿಗೆ ನುಗ್ಗಿ ಅದರ ರಾಡನ್ನು ತಳ್ಳುತ್ತದೆ, ರಾಡು ಲಿವರನ್ನು ತಿರುಗಿಸಿದೊಡನೆ ಬಟರ್‌ಫ್ಲೈ ಮುಚ್ಚಿಕೊಳ್ಳುತ್ತದೆ. ಅದೇ ಹೊತ್ತಿಗೆ ಡೀಸೆಲ್ ಪೂರೈಕೆಯೂ ನಿಲ್ಲುವುದರಿಂದ ಪಿಸ್ಟನ್‌ಗಳು ಪೈಪಿನಲ್ಲಿ ಕಟ್ಟಿಕೊಂಡ ಒತ್ತಡದ ವಿರುದ್ಧ ದುಡಿಯಬೇಕಾಗುತ್ತದೆ. ಆ ದುಡಿಮೆಯೇ ಲಾರಿಯನ್ನು ಹಿಡಿದಿಡುತ್ತದೆ. ಹಳೆಯ ಲಾರಿಗಳಲ್ಲಿ ಕರೆಂಟಿನ ಗೊಡವೆಯಿಲ್ಲದೆ ಕಾಲಡಿಯ ಗುಂಡಿಯೇ ನೇರವಾಗಿ ಗಾಳಿ ಬಿಡುವ ಏರ್ಪಾಡೂ ಇದೆ.

ಹಿಡಿತ ಸಿಗದಿದ್ದಾಗ ಹೆಚ್ಚಿನವರು ಮೊದಲು ಫ್ಯೂಸ್ ಪೆಟ್ಟಿಗೆಗೆ ಕೈಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಲಿವರನ್ನು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆ ಒಬ್ಬರು ಸ್ವಿಚ್ ಹಾಕಬೇಕು, ಇನ್ನೊಬ್ಬರು ಪಕ್ಕಕ್ಕೆ ನಿಂತು ಲಿವರ್ ಮೇಲೆ ಕಣ್ಣಿಡಬೇಕು. ಎಂಜಿನ್ ಕಂಪ್ಯೂಟರ್ ಇರುವ ಲಾರಿಗಳಲ್ಲಿ ಎಂಜಿನ್ ಒಂದು ಮಟ್ಟದ ವೇಗದಲ್ಲಿ ಓಡುತ್ತಿರದಿದ್ದರೆ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ. ಕೆಲವು ಮಾದರಿಗಳಲ್ಲಿ ನಿಂತ ಲಾರಿಯಲ್ಲಿ ಅದು ಬರುವುದೇ ಇಲ್ಲವಾದ್ದರಿಂದ ಕಂಪನಿಯ ಕೈಪಿಡಿಯಲ್ಲಿ ಹೇಳಿದಂತೆಯೇ ಪರೀಕ್ಷಿಸಬೇಕು.

ಲಿವರ್ ಅಲುಗಾಡದೇ ಇದ್ದರೆ ಸಿಲಿಂಡರಿಗೆ ಬರುವ ಗಾಳಿ ಪೈಪನ್ನು ಸ್ವಲ್ಪ ಸಡಿಲಿಸಿ ಮತ್ತೆ ಸ್ವಿಚ್ ಹಾಕಿಸಿರಿ. ಬುಸ್ಸೆಂದು ಗಾಳಿ ಬಂದರೆ ಕರೆಂಟೂ ಗಾಳಿಯೂ ಸರಿಯಾಗಿವೆ, ದೋಷ ಸಿಲಿಂಡರಿನಲ್ಲಿ ಅಥವಾ ಬಟರ್‌ಫ್ಲೈಯಲ್ಲಿದೆ. ಗಾಳಿ ಬಾರದಿದ್ದರೆ ಹಿಂದಕ್ಕೆ ಹೋಗಬೇಕು: ಗಾಳಿಯ ಮೀಟರ್ ಎಷ್ಟು ತೋರಿಸುತ್ತಿದೆ, ಸೈಲೆನ್ಸರ್ ಪೈಪಿಗೆ ತಾಗಿದ ನೈಲಾನ್ ಪೈಪು ಕರಗಿದೆಯೇ, ಸೊಲೆನಾಯ್ಡ್ ಟಿಕ್ ಎನ್ನುತ್ತಿದೆಯೇ, ಅದರ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟಿದೆಯೇ, ಕಟ್ಟಕಡೆಗೆ ಫ್ಯೂಸ್. ಆಕ್ಸಿಲರೇಟರ್ ಅಥವಾ ಕ್ಲಚ್ ಮೇಲೆ ಕಾಲಿದೆಯೆಂದು ಸ್ವಿಚ್ಚುಗಳು ತಿಳಿದರೂ ಬ್ರೇಕ್ ಬರುವುದಿಲ್ಲ. ಕ್ಯಾಬಿನ್ನಿನ ಮ್ಯಾಟ್ ಮಡಚಿಕೊಂಡು ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ; ಮ್ಯಾಟ್ ಎಳೆದು ಹಾಕಿದ್ದಷ್ಟೇ ಅಲ್ಲಿ ರಿಪೇರಿ.

ಆದರೆ ನಮ್ಮ ಲಾರಿಗಳಲ್ಲಿ ಹೆಚ್ಚಾಗಿ ಕಾಣುವ ದೋಷವೆಂದರೆ ಮಸಿ. ಒಮ್ಮೆ ಹಾಸನೂರಿನಲ್ಲಿ ಹೀಗೆಯೇ ನೋಡುತ್ತಿದ್ದಾಗ ನಮ್ಮ ಕ್ಲೀನರ್ ಹುಡುಗ ಕೆಳಗಿನಿಂದ, “ಅರ್ಧಕ್ಕೇ ನಿಂತ್ಕಬುಡ್ತು ಕಣಣ್ಣೋ” ಎಂದು ಕೂಗಿದ. ಲಿವರ್ ಬೆರಳಗಲ ಸರಿದು ನಿಂತಿತ್ತು. ಬಟರ್‌ಫ್ಲೈಯ ದಂಡ ಪೈಪಿನಿಂದ ಹೊರಗೆ ಬರುವ ಜಾಗದಲ್ಲಿ ಮಸಿ ಗಟ್ಟಿಯಾಗಿ ಕಪ್ಪು ಬಳೆಯಂತೆ ಕೂತಿತ್ತು. ಇಂಥ ಹೊತ್ತಿನಲ್ಲಿ ಬಿಸಿ ಪೈಪಿನ ಮೇಲೆ ಡೀಸೆಲ್ ಅಥವಾ ಎಣ್ಣೆ ಸುರಿಯುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು, ಬೆಂಕಿ ಹತ್ತಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿ, ಪೈಪ್ ಕೈಗೆ ತಾಳುವಷ್ಟು ತಣ್ಣಗಾದ ಮೇಲೆ ರಾಡನ್ನು ಲಿವರಿನಿಂದ ಬಿಡಿಸಿ, ತುಕ್ಕು ಬಿಡಿಸುವ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಲಿವರನ್ನು ಹಿಂದೆ ಮುಂದೆ ಆಡಿಸಬೇಕು. ಅವಸರದಲ್ಲಿ ಜೋರಾಗಿ ಹೊಡೆದರೆ ದಂಡ ಬಾಗುತ್ತದೆ. ಆ ದಿನ ಲಿವರ್ ಪೂರಾ ತಿರುಗಿ ತಾನಾಗಿಯೇ ಹಿಂದಕ್ಕೆ ಬರುವವರೆಗೂ ನಾವು ಹಾಗೆಯೇ ಆಡಿಸಿದೆವು.

ಎಲ್ಲವೂ ಸರಿಯಿದ್ದು ಹಿಡಿತ ಮಾತ್ರ ಸಾಲದು ಎನ್ನಿಸಿದರೆ ಗೇರ್ ನೋಡಿಕೊಳ್ಳಿರಿ. ಎಂಜಿನ್ ವೇಗವಾಗಿ ತಿರುಗಿದಷ್ಟೂ ಈ ಬ್ರೇಕಿಗೆ ಬಲ ಹೆಚ್ಚು. ಟಾಪ್ ಗೇರಿನಲ್ಲಿ ನಿಧಾನವಾಗಿ ಇಳಿಯುವವನಿಗೆ ಅದು ಇದ್ದೂ ಇಲ್ಲದಂತೆ.

ಎಂಜಿನ್ ವೇಗ ತೋರಿಸುವ ಮೀಟರಿನ ಕೆಂಪು ಗುರುತು ದಾಟದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಬಟರ್‌ಫ್ಲೈ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಲಾರಿ ಎಳೆಯದೆ ಕಪ್ಪು ಹೊಗೆ ಉಗುಳುತ್ತದೆ, ಎಂಜಿನ್ ಮಿತಿಮೀರಿ ಕಾಯುತ್ತದೆ. ಆಗ ಅದನ್ನು ತೆರೆದ ಸ್ಥಿತಿಗೆ ತಂದು ಲಿವರನ್ನು ತಂತಿಯಿಂದ ಬಿಗಿದು, ಸಮತಟ್ಟಾದ ರಸ್ತೆಯಲ್ಲಿ ಹತ್ತಿರದ ಗ್ಯಾರೇಜಿನವರೆಗೆ ಓಡಿಸಬಹುದು. ಆದರೆ ಲೋಡ್ ಇಟ್ಟುಕೊಂಡು ಹಾಗೆಯೇ ಘಾಟಿ ಇಳಿಯುವುದಕ್ಕೆ ನಾನು ಒಪ್ಪುವುದಿಲ್ಲ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಭಾರೀ ವಾಹನಗಳಿಗೆ ಇಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಬಂದಂದಿನಿಂದ, ಗೇಟು ಬೀಳುವ ಮೊದಲು ಇಳಿದುಬಿಡೋಣ ಎಂಬ ಆತುರ ಎಲ್ಲರಲ್ಲೂ ಇದೆ. ತರಕಾರಿ ಬಾಡುತ್ತದೆಂಬ ಸಂಕಟ ನನಗೂ ಗೊತ್ತು. ಆದರೂ ಅಂಥ ದಿನ ಮಾಲಿನವರಿಗೆ ಫೋನ್ ಮಾಡಿ, ಹಾಸನೂರಿನಲ್ಲಿಯೇ ಉಳಿದು, ಬೆಳಿಗ್ಗೆ ಚಾಮರಾಜನಗರದಿಂದ ಮೆಕ್ಯಾನಿಕ್ಕನ್ನು ಕರೆಸಿಕೊಳ್ಳುವುದೇ ಸರಿ.