ಟರ್ಬೊ ರೋಟರಿ ದಿನಾ ಓಡಬೇಕೆಂದರೆ ಮೊದಲು ಬಿಸಿ ಇಳಿಸಿ

ಟರ್ಬೊ ರೋಟರಿ ಸ್ಪೋರ್ಟ್ಸ್ ಕಾರು ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಮಜ್ದಾ ಆರ್‌ಎಕ್ಸ್-7ರ ಮೂರನೇ ತಲೆಮಾರು, ಎಫ್‌ಡಿ. 1991ರಿಂದ 2002ರವರೆಗೆ ತಯಾರಾದ ಈ ಕಾರಿನಲ್ಲಿರುವುದು 13ಬಿ-ಆರ್‌ಇಡಬ್ಲ್ಯು ಇಂಜಿನ್: ಪಿಸ್ಟನ್ ಬದಲು ತಿರುಗುವ, ತಲಾ 654 ಸಿಸಿಯ ಎರಡು ತ್ರಿಕೋನ ರೋಟರ್, ಇಂಜಿನ್‌ಗೆ ಗಾಳಿ ಒತ್ತಿ ತುಂಬಲು ಒಂದರ ಹಿಂದೊಂದು ಕೆಲಸಕ್ಕಿಳಿಯುವ ಎರಡು ಟರ್ಬೊ. ಇದನ್ನು ದಿನಾ ಓಡಿಸಬಹುದು. ಆದರೆ ಕೈಯಲ್ಲಿರುವ ಮೊದಲ ದುಡ್ಡು ಪವರ್‌ಗಲ್ಲ, ಕೂಲಿಂಗ್‌ಗೆ ಹೋಗಬೇಕು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಕಾರಣ ಇಂಜಿನ್‌ನ ರಚನೆಯಲ್ಲೇ ಇದೆ. ರೋಟರಿಯಲ್ಲಿ ಪೆಟ್ರೋಲ್ ಉರಿಯುವುದು ಸದಾ ಹೌಸಿಂಗ್‌ನ (ರೋಟರ್ ಸುತ್ತಲಿನ ಗೂಡಿನ) ಒಂದೇ ಬದಿಯಲ್ಲಿ; ತಂಪು ಗಾಳಿ ಒಳಗೆ ಬರುವುದು ಸದಾ ಇನ್ನೊಂದು ಬದಿಯಲ್ಲಿ. ಜೊತೆಗೆ ರೋಟರ್ ಹೌಸಿಂಗ್ ಅಲ್ಯೂಮಿನಿಯಂ, ಅದರ ಪಕ್ಕದ ಪ್ಲೇಟುಗಳು ಎರಕದ ಕಬ್ಬಿಣ. ಬಿಸಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಇವೆರಡರ ನಡುವೆ ಕೂತಿರುವ ಕೂಲೆಂಟ್ ಸೀಲ್ ರಬ್ಬರಿನದು. ಕಾರು ಒಮ್ಮೆ ಜೋರಾಗಿ ಓವರ್‌ಹೀಟ್ ಆದರೂ ಸಾಕು, ಆ ಸೀಲ್ ಸೆಟೆದು ಕೂಲೆಂಟ್ ಪೆಟ್ರೋಲ್ ಉರಿಯುವ ಚೇಂಬರ್‌ಗೆ ಜಿನುಗಲು ಶುರುವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ ಬಂದು ಬೇಗ ಕರಗದಿದ್ದರೆ, ಹೊರಗೆ ಸೋರಿಕೆ ಇಲ್ಲದೆಯೇ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಫಿಲ್ಲರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ, ಇದೇ ಕಾಯಿಲೆ. ಇಂಜಿನ್ ಇಳಿಸಿ ಬಿಚ್ಚದೆ ಇದಕ್ಕೆ ಪರಿಹಾರವಿಲ್ಲ.

ಎಫ್‌ಡಿಯಲ್ಲಿ ಮೊದಲು ಬದಲಿಸಬೇಕಾದ್ದು ಕೂಲೆಂಟ್‌ನಿಂದ ಗಾಳಿ ಬೇರ್ಪಡಿಸುವ ಪುಟ್ಟ ಪ್ಲಾಸ್ಟಿಕ್ ಟ್ಯಾಂಕು, ಎಎಸ್‌ಟಿ. ವರ್ಷಗಟ್ಟಲೆ ಬಿಸಿಗೆ ಬೆಂದು ಅದರ ಜೋಡಣೆಯ ಗೆರೆ ಬಿರುಕು ಬಿಡುತ್ತದೆ, ಕೂಲೆಂಟ್ ಹೊರಗೆ ಹೋಗುತ್ತದೆ. ಅಲ್ಯೂಮಿನಿಯಂನದು ಹಾಕಿಸಿ, ಕ್ಯಾಪ್ ಮತ್ತು ಹೋಸ್‌ಗಳನ್ನೂ ಅದೇ ಸಮಯಕ್ಕೆ ಹೊಸದು ಮಾಡಿ. ಕೂಲೆಂಟ್ ತುಂಬುವಾಗ ಮೂತಿಯ ಕಡೆ ಎತ್ತಿ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು, ಇಂಜಿನ್ ಐಡಲ್‌ನಲ್ಲಿರುವಾಗ ಹೋಸ್ ಹಿಸುಕುತ್ತಾ ಗುಳ್ಳೆ ನಿಲ್ಲುವವರೆಗೂ ಮಟ್ಟ ಸರಿಮಾಡುತ್ತಿರಿ. ಒಳಗೆ ಗಾಳಿ ಉಳಿದರೆ ಇಷ್ಟು ಮಾಡಿದ್ದೂ ದಂಡ.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನೆಚ್ಚಬೇಡಿ. ಇಂಜಿನ್ ಬೆಚ್ಚಗಾದ ಮೇಲೆ ದೊಡ್ಡ ವ್ಯಾಪ್ತಿಯ ತಾಪಮಾನಕ್ಕೆ ಅದು ನಡುವಿನಲ್ಲೇ ನಿಂತಿರುತ್ತದೆ. ಮುಳ್ಳು ಮೇಲೇರಿದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಹಾನಿ ಆಗಿಹೋಗಿರಬಹುದು. ಡಿಗ್ರಿ ತೋರಿಸುವ ಬೇರೆ ಗೇಜ್ ಕಡ್ಡಾಯ. ಕಂಪನಿಯ ಮೂಲ ಸೆಟ್ಟಿಂಗ್‌ನಲ್ಲಿ ಫ್ಯಾನ್ ತಿರುಗುವುದು ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ. ನಿಂತು ನಿಂತು ಸಾಗುವ ಟ್ರಾಫಿಕ್‌ಗೆ ಇದು ತೀರಾ ತಡ. ಇನ್ನೂ ಕಡಿಮೆ ತಾಪಕ್ಕೆ ತಿರುಗುವ ಫ್ಯಾನ್ ಸ್ವಿಚ್ ಹಾಕಿಸಿ.

ಇನ್ನು ಟರ್ಬೊಗಳನ್ನು ನಿಯಂತ್ರಿಸುವ ವ್ಯಾಕ್ಯೂಮ್ ಹೋಸ್‌ಗಳು. ಇನ್‌ಟೇಕ್ ಮ್ಯಾನಿಫೋಲ್ಡ್‌ನ ಕೆಳಗೆ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್), ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್, ಸಣ್ಣ ಹೋಸ್‌ಗಳ ಒಂದು ಕಾಡೇ ಇದೆ. ಸುಮಾರು 4500 ಆರ್‌ಪಿಎಂವರೆಗೆ ಮೊದಲ ಟರ್ಬೊ ಮಾತ್ರ ಬೂಸ್ಟ್ (ಒತ್ತಿ ತುಂಬುವ ಗಾಳಿಯ ಒತ್ತಡ) ಕೊಡುತ್ತದೆ, ಅಲ್ಲಿಂದ ಎರಡನೆಯದೂ ಸೇರುತ್ತದೆ. ಸರಿಯಿರುವ ಕಾರಿನಲ್ಲಿ ಬೂಸ್ಟ್ 10 ಪಿಎಸ್‌ಐಗೆ ಏರಿ, ಟರ್ಬೊ ಬದಲಾಗುವಾಗ 8ಕ್ಕೆ ಇಳಿದು, ಮತ್ತೆ 10ಕ್ಕೆ ಬರುತ್ತದೆ. ಅದಕ್ಕಿಂತ ಆಳವಾಗಿ ಕುಸಿದರೆ ಅಥವಾ ಎರಡನೇ ಟರ್ಬೊ ಬರಲೇ ಇಲ್ಲವೆಂದರೆ ಟರ್ಬೊ ಕೆಟ್ಟಿದೆ ಎಂದುಕೊಳ್ಳುವ ಮೊದಲು ಗಟ್ಟಿಯಾಗಿ ಸೀಳಿದ ಹೋಸ್ ಹುಡುಕಿ. ಒಂದು ಸಿಕ್ಕಿತೆಂದು ಅದೊಂದನ್ನೇ ಬದಲಿಸಬೇಡಿ. ಪಕ್ಕದ್ದೂ ಅಷ್ಟೇ ಬಿಸಿ ತಿಂದಿದೆ, ಮ್ಯಾನಿಫೋಲ್ಡ್ ಮತ್ತೆ ಬಿಚ್ಚಬೇಕಾಗುತ್ತದೆ. ಎಲ್ಲಕ್ಕೂ ಸಿಲಿಕೋನ್ ಹೋಸ್ ಹಾಕಿ, ಒಂದೊಂದು ಸೊಲೆನಾಯ್ಡನ್ನೂ ಪರೀಕ್ಷಿಸಿ, ಆಮೇಲೆ ಮುಚ್ಚಿ.

ಎಕ್ಸಾಸ್ಟ್ ಬದಲಿಸುವ ಆಸೆ ಸಹಜ. ಆದರೆ ಡೌನ್‌ಪೈಪ್, ಇನ್‌ಟೇಕ್, ಸೈಲೆನ್ಸರ್ ಮೂರೂ ಗಾಳಿ ಸರಾಗ ಹರಿಯುವಂಥವಾದರೆ ಬೂಸ್ಟ್ ಮಿತಿಯಲ್ಲಿಡುವ ಮೂಲ ವೇಸ್ಟ್‌ಗೇಟ್ ವಾಲ್ವಿನ ಕೈಗೆ ಅದು ಸಿಗುವುದಿಲ್ಲ, ಏರುತ್ತಲೇ ಹೋಗುತ್ತದೆ. ಇಂಧನ ಸಾಲದೆ ಡೆಟೊನೇಷನ್ ಆಗುತ್ತದೆ, ಅಂದರೆ ಮಿಶ್ರಣ ಹದವಾಗಿ ಉರಿಯದೆ ಸಿಡಿಯುತ್ತದೆ. ಪಿಸ್ಟನ್ ಇಂಜಿನ್ ಒಂದೆರಡು ಏಟು ತಡೆದೀತು. 13ಬಿಯ ರೋಟರ್ ತುದಿಯಲ್ಲಿರುವ ಎಪೆಕ್ಸ್ ಸೀಲ್ ಒಂದೇ ಏಟಿಗೆ ಮುರಿಯಬಹುದು, ಮುರಿದ ಚೂರು ಟರ್ಬೊದ ರೆಕ್ಕೆಯನ್ನೂ ಕೆಡಿಸಿ ಹೋಗುತ್ತದೆ. ಬೂಸ್ಟ್ ಗೇಜ್, ಗಾಳಿ-ಇಂಧನದ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್, ರೋಟರಿ ಬಲ್ಲವರ ಕೈಯ ಇಸಿಯು (ಇಂಜಿನ್ ಕಂಪ್ಯೂಟರ್) ಟ್ಯೂನಿಂಗ್ ಮೊದಲು, ಪೈಪುಗಳು ಆಮೇಲೆ.

ಎಣ್ಣೆ ಕುಡಿಯುವುದು ಈ ಇಂಜಿನ್‌ನ ಸ್ವಭಾವ, ದೋಷವಲ್ಲ. ಸೀಲ್‌ಗಳ ಜಾರಿಕೆಗೆಂದು ಮೀಟರಿಂಗ್ ಪಂಪ್ ಇಂಜಿನ್ ಆಯಿಲ್ಲನ್ನೇ ಚೇಂಬರ್‌ಗೆ ಹಾಯಿಸುತ್ತದೆ. ಹಾಗಾಗಿ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗಲೂ ಡಿಪ್‌ಸ್ಟಿಕ್ ನೋಡಿ, 5000 ಕಿ.ಮೀ. ದಾಟುವ ಮೊದಲೇ ಆಯಿಲ್ ಬದಲಿಸಿ. ಪಂಪ್ ಸರಿಯಿದ್ದರೂ ಟ್ಯಾಂಕಿಗೆ ಲೀಟರಿಗೆ 5 ಮಿ.ಲೀ.ನಂತೆ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಬೆರೆಸುವುದು ನನಗೆ ಸರಿ ಕಾಣುತ್ತದೆ. 50 ಲೀಟರಿಗೆ 250 ಮಿ.ಲೀ. ಪ್ಲಗ್‌ಗಳು ನಾಲ್ಕು: ಕೆಳಗಿನ ಲೀಡಿಂಗ್‌ಗೆ ಎನ್‌ಜಿಕೆ ಬಿಯುಆರ್7ಇಕ್ಯು, ಮೇಲಿನ ಟ್ರೇಲಿಂಗ್‌ಗೆ ಬಿಯುಆರ್9ಇಕ್ಯು. ಅದಲುಬದಲಾಗದಂತೆ ನೋಡಿಕೊಳ್ಳಿ. ಮೈಲೇಜ್ ಕೇಳುವವರಿಗೆ ಈ ಕಾರು ಅಲ್ಲ.

ಓಡಿಸುವ ರೂಢಿ ಕಷ್ಟವೇನಲ್ಲ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನಾಲ್ಕಡಿ ಸರಿಸಿ ಕೂಡಲೇ ಆಫ್ ಮಾಡಬೇಡಿ. ಪೆಟ್ರೋಲ್‌ನಿಂದ ಪ್ಲಗ್ ಒದ್ದೆಯಾಗಿ ಇಂಜಿನ್ ಫ್ಲಡ್ ಆಗುತ್ತದೆ, ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಹಾಗೇನಾದರೂ ಆದಲ್ಲಿ ಇಂಜೆಕ್ಟರ್ ಫ್ಯೂಸ್ ತೆಗೆದು, ಪ್ಲಗ್ ಬಿಚ್ಚಿ ಒಣಗಿಸಿ, ಕೆಲವು ಸೆಕೆಂಡು ಕ್ರ್ಯಾಂಕ್ ಮಾಡಿ, ಎಲ್ಲವನ್ನೂ ಮರಳಿ ಜೋಡಿಸಿ. ಬ್ಯಾಟರಿ ಸೊರಗಿದ್ದರೆ ಈ ತೊಂದರೆ ಪದೇ ಪದೇ ಬರುತ್ತದೆ, ಏಕೆಂದರೆ ನಿಧಾನ ಕ್ರ್ಯಾಂಕಿಂಗ್‌ನಲ್ಲಿ ಕಂಪ್ರೆಷನ್ ಸಾಲುವುದಿಲ್ಲ. ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಬೂಸ್ಟ್‌ಗೆ ಹೋಗಬೇಡಿ. ಬಿಸಿಯಾದ ಮೇಲೆ ಆಗಾಗ ರೆಡ್‌ಲೈನ್‌ವರೆಗೆ ಎಳೆಯಿರಿ, ಕಾರ್ಬನ್ ಕಟ್ಟಿಕೊಳ್ಳುವುದಿಲ್ಲ. ಜೋರಾಗಿ ಓಡಿಸಿ ನಿಲ್ಲಿಸುವ ಮುನ್ನ ಒಂದು ನಿಮಿಷ ಐಡಲ್ ಬಿಡಿ.

ಕೊಳ್ಳುವ ಮೊದಲು ರೋಟರಿಯದೇ ಕಂಪ್ರೆಷನ್ ಟೆಸ್ಟರ್ ಹಾಕಿಸಿ. ಮಾಮೂಲಿ ಗೇಜ್ ರೋಟರ್‌ನ ಮೂರು ಮುಖಗಳಲ್ಲಿ ಹೆಚ್ಚಿನದನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ, ಸತ್ತ ಮುಖ ಮುಚ್ಚಿಹೋಗುತ್ತದೆ. 250 ಆರ್‌ಪಿಎಂಗೆ ಸರಿಹೊಂದಿಸಿದ ಅಂಕಿ ಚದರ ಸೆಂ.ಮೀ.ಗೆ 8 ಕೆ.ಜಿ. ಆಸುಪಾಸಿದ್ದು ಆರೂ ಮುಖ ಸಮವಾಗಿದ್ದರೆ ಇಂಜಿನ್ ಗಟ್ಟಿಮುಟ್ಟು. 6ಕ್ಕಿಂತ ಕೆಳಗಿದ್ದರೆ ಇಂಜಿನ್ ಬಿಚ್ಚಿಸುವ ಖರ್ಚನ್ನು ಬೆಲೆಯಲ್ಲೇ ಕಳೆದು ಮಾತಾಡಿ.

ಒಂದು ಮಾತು ಸುರಕ್ಷತೆಯ ಬಗ್ಗೆ. ಇನ್‌ಟೇಕ್ ಕೆಳಗಿನ ಫ್ಯುಯೆಲ್ ಪಲ್ಸೇಷನ್ ಡ್ಯಾಂಪರ್ (ಇಂಧನದ ಒತ್ತಡದ ಏರಿಳಿತ ತಗ್ಗಿಸುವ ಭಾಗ) ಮತ್ತು ಹಳೆಯ ಇಂಧನ ಹೋಸ್‌ಗಳು ಸೋರಿ ಬೆಂಕಿ ಹತ್ತುವ ಅಪಾಯವಿದೆ. ಬಾನೆಟ್ ಬಳಿ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ವ್ಯಾಕ್ಯೂಮ್ ಹೋಸ್‌ಗೆಂದು ಮ್ಯಾನಿಫೋಲ್ಡ್ ಹೇಗೂ ಬಿಚ್ಚುತ್ತೀರಲ್ಲ, ಇವನ್ನೂ ಅದೇ ದಿನ ಹೊಸದು ಮಾಡಿಸಿ.